ಎರಡೂ ಎಡ

ಹಗ್ಗ ಎಸೆದು ಫೆರಿಯನ್ನು ದಕ್ಕೆಗೆ ಬಿಗಿಯುವ ಕೈ ಇದು.
ಇಪ್ಪತ್ತಾರು ವರ್ಷ
ಯೆಲ್ ದ್ವೀಪದಿಂದ ಫೆಟ್ಲರಿಗೆ, ಫೆಟ್ಲರಿನಿಂದ ಯೆಲ್‌ಗೆ,
ಕಾರು, ಕುರಿ, ಒಂದೊಂದು ಸಲ ಶವಪೆಟ್ಟಿಗೆ
ಹತ್ತಿಸಿ ಇಳಿಸಿ
ಗಂಟು ಎಂದರೆ ಹನ್ನೆರಡು ಬಗೆ ಬಲ್ಲೆ.
ಕಡ್ಡಿಯ ಮೇಲೆ ಮೊದಲ ಕುಣಿಕೆ ಕೂರಿಸಲು ಮಾತ್ರ
ಇಡೀ ಒಂದು ಸಂಜೆ ಹಿಡಿಯಿತು.

‘ಮೀನು ಹಿಡಿದ ಹಾಗೆ ಹಿಡಿಯಬೇಡ ಗಿಬ್ಬಿ,
ಅದೇನು ನೀರಿಗೆ ಹಾರುವುದಿಲ್ಲ’
ಎಂದಳು ಓಸ್ಲಾ.
ಎಂಬತ್ತೊಂದರ ಓಸ್ಲಾ, ಸೊಂಟಕ್ಕೆ ಚರ್ಮದ ಪಟ್ಟಿ,
ಪಟ್ಟಿಯ ತೂತಿಗೆ ಕಡ್ಡಿಯ ತುದಿ ಸಿಕ್ಕಿಸಿ
ಕೆಟಲ್ ನೋಡುತ್ತ, ಕಿಟಕಿ ನೋಡುತ್ತ, ನನ್ನನ್ನು ನೋಡುತ್ತ
ತನ್ನ ಕೈಯೊಂದನ್ನು ಬಿಟ್ಟು
ಮಿಕ್ಕಿದ್ದನ್ನೆಲ್ಲ ನೋಡುತ್ತ ಹೆಣೆಯುತ್ತಿದ್ದಳು.

ಮೊದಲ ಉಡುಗೊರೆ ತಂಗಿ ಮೀಮಿಗೆ. ಮಫ್ಲರು.
ಮೂವತ್ತು ಕುಣಿಕೆ ಹತ್ತಿಸಿಕೊಂಡು ಹೊರಟವನು
ನಲವತ್ತೇಳರೊಂದಿಗೆ ದಡ ಮುಟ್ಟಿದೆ.
ನಡುವೆ ಆ ಹದಿನೇಳು ಮಂದಿ ಎಲ್ಲಿ ಹತ್ತಿದರೋ,
ಟಿಕೆಟ್ ಕೇಳುವ ನನಗೇ ಗೊತ್ತಾಗಲಿಲ್ಲ.
ಮೀಮಿ ಸುತ್ತಿಕೊಂಡಳು.
‘ಚೆನ್ನಾಗಿದೆ’ ಎಂದಳು.
ನಮ್ಮ ಮನೆಯಲ್ಲಿ ಆ ದನಿಯಲ್ಲಿ ಹಾಗೆನ್ನುವುದು
ಡಾಕ್ಟರು ಬಂದುಹೋದ ಮೇಲೆ.

ಆಮೇಲೆ ಸ್ಕಿಪ್ಪರ್ ಲೋವ್ರಿಗೊಂದು ಟೋಪಿ.
ಅದೀಗ ಟೀ ಪಾಟಿನ ತಲೆಯ ಮೇಲಿದೆ.
ಫೆರಿಯಲ್ಲಿ ಚಹಾ ಆರುವುದಿಲ್ಲ,
ಲೋವ್ರಿಯ ಕಿವಿ ಮೊದಲಿನಂತೆಯೇ ಕೆಂಪು.

ಚಳಿಗಾಲ ಹತ್ತಿತು. ಓಸ್ಲಾಳಿಗೇ ಏನಾದರೂ ಕೊಡಬೇಕೆಂದು
ಒದ್ದೆ ಮಣ್ಣಿನ ಬಣ್ಣದ ಉಣ್ಣೆ ತಂದೆ.
ಒಂದು ಸೀದಾ, ಒಂದು ಉಲ್ಟಾ.
ದಾಟಲು ಇಪ್ಪತ್ತೈದು ನಿಮಿಷ, ಅಷ್ಟರಲ್ಲಿ ನಾಲ್ಕು ಸಾಲು.
ಗಾಳಿ ಎದ್ದರೆ ಎರಡು.
ಫೆರಿ ನಿಂತ ದಿನ ಒಂದು ಇಡೀ ಹೆಬ್ಬೆರಳು.
ಗೊತ್ತಾಗಬಾರದೆಂದು ಅವಳ ಮನೆಯಲ್ಲಿ
ಬೇರೆಯದೇ ಚೌಕವೊಂದನ್ನು ಹೆಣೆಯುತ್ತ ಕೂತೆ,
ಬೇಕೆಂದೇ ತಪ್ಪುತ್ತ,
ಬೇಡವೆಂದರೂ ತಪ್ಪುತ್ತ.

ಹುಟ್ಟುಹಬ್ಬದ ದಿನ ಕಾಗದ ಬಿಚ್ಚಿದಳು.
ಗ್ಲೌಸು. ಎಡಗೈಗೆ ಹಾಕಿದಳು, ಸರಿಯಾಗಿ ಕೂತಿತು.
ಇನ್ನೊಂದನ್ನು ಹಾಕಿದಳು.
ತಿರುಗಿಸಿದಳು. ಮತ್ತೆ ಹಾಕಿದಳು.
ಹೆಬ್ಬೆರಳು ಕಿರುಬೆರಳ ಪಕ್ಕದಲ್ಲಿ
ದಾರಿ ತಪ್ಪಿದ ಕುರಿಮರಿಯಂತೆ ನಿಂತಿತ್ತು.

ನಗಲಿಲ್ಲ. ಗದರಲಿಲ್ಲ.
ಕತ್ತರಿ ತಂದು ತುದಿಯ ಗಂಟು ಕತ್ತರಿಸಿ
ಎಳೆ ಹಿಡಿದು ಎಳೆದಳು, ನನ್ನ ಎದುರಿಗೇ.
‘ಕೈ ಚಾಚು.’
ಚಾಚಿದೆ, ಪೊಲೀಸರ ಮುಂದೆ ಕಳ್ಳ ಚಾಚುವ ಹಾಗೆ.
ಎರಡೂ ಕೈಗೆ ಸುತ್ತತೊಡಗಿದಳು.
ಜನವರಿಯ ಬಿರುಗಾಳಿ ಹೋಯಿತು.
ಮಂಜು ಕವಿದ ಆ ಮಂಗಳವಾರ ಹೋಯಿತು.
ಮೇಷ್ಟರ ಶವಪೆಟ್ಟಿಗೆ ದಾಟಿಸಿದ ದಿನದ ನಾಲ್ಕು ಸಾಲು,
ಅದೂ ಹೋಯಿತು, ಸುರಳಿ ಸುರಳಿಯಾಗಿ.

ಬಿಚ್ಚಿದ ಉಣ್ಣೆ ನೆಟ್ಟಗಿರುವುದಿಲ್ಲ.
ಕುಣಿಕೆಯಿದ್ದಲ್ಲೆಲ್ಲ ಗುಂಗುರು.
‘ನೆನೆಸು. ಕೆಳಗೊಂದು ಕಲ್ಲು ಕಟ್ಟಿ ನೇತುಹಾಕು.
ಮರೆಯುತ್ತದೆ’ ಎಂದಳು.
ಎಡದ್ದನ್ನು ಮಾತ್ರ ಕೈಯಿಂದ ತೆಗೆಯಲೇ ಇಲ್ಲ.

ಈಗ ಮೂರು ವಾರ. ಓಸ್ಲಾ
ಒಂದೇ ಗ್ಲೌಸು ಹಾಕಿಕೊಂಡು ಊರೆಲ್ಲ ಓಡಾಡುತ್ತಾಳೆ,
ಬಲಗೈ ಕೋಟಿನ ಜೇಬಿನಲ್ಲಿ.
ಅಂಗಡಿಯಲ್ಲಿ ಯಾರೋ ಕೇಳಿದರಂತೆ, ‘ಇನ್ನೊಂದೆಲ್ಲಿ?’
‘ಫೆರಿಯಲ್ಲಿದೆ’ ಎಂದಳಂತೆ, ‘ಬರುತ್ತಿದೆ.’

ಬರುತ್ತಿದೆ.
ಅಂಗೈ ಮುಗಿಯಿತು, ಹೆಬ್ಬೆರಳ ಬುಡಕ್ಕೆ ಬಂದಿದ್ದೇನೆ.
ಹೋಗುವಾಗ ಬಲಕ್ಕಿದ್ದ ಗುಡ್ಡ
ಬರುವಾಗ ಎಡಕ್ಕೆ ಬರುತ್ತದೆ, ಅದನ್ನು ನಂಬಿಯೇ ಕೆಟ್ಟೆ.
ಈ ಸಲ ನನ್ನ ಬಲಗೈಯನ್ನೇ
ಬೆಂಚಿನ ಮೇಲೆ ಚಾಚಿಟ್ಟುಕೊಂಡು ನೋಡುತ್ತಿದ್ದೇನೆ,
ಯಾರದೋ ಮರೆತುಹೋದ ಸಾಮಾನಿನಂತೆ.
ಅದೆದ್ದು ಬರದೆ ಹೆಣೆಯುವುದು ಹೇಗೆ?
ಲೋವ್ರಿ ಹಾರ್ನ್ ಒತ್ತುತ್ತಾನೆ.
ದಕ್ಕೆಗೆ ಇನ್ನು ನಾಲ್ಕು ನಿಮಿಷ.